ಎರಡನೇ ಗೇರ್ ಯಾಕೆ ಎಗರುತ್ತೆ?

ಕಳೆದ ಸಲ ಚೈನ್ ಸ್ಪ್ರಾಕೆಟ್ ಬಗ್ಗೆ ಬರೆದ ಮೇಲೆ ಬಂದ ಮೆಸೇಜ್‌ಗಳಲ್ಲಿ ಬಹಳಷ್ಟು ಒಂದೇ ಥರದವು. "ಅಪ್ಪನ ಹಳೇ ಗಾಡಿ ಇದೆ ಮೇಡಂ, ಗೇರ್ ಪ್ರಾಬ್ಲಂ. ಇಂಜಿನ್ ಇಳಿಸಬೇಕು ಅಂತಿದಾರೆ. ಇಳಿಸಲಾ, ಮಾರಿಬಿಡಲಾ?"

ಎರಡೂ ಬೇಡ, ಸ್ವಲ್ಪ ತಡೀರಿ. "ಗೇರ್ ಪ್ರಾಬ್ಲಂ" ಅನ್ನೋದು ಡಾಕ್ಟರ್ ಹತ್ತಿರ ಹೋಗಿ "ಹೊಟ್ಟೆ ನೋವು" ಅಂದ ಹಾಗೆ. ಎಲ್ಲಿ, ಯಾವಾಗ, ಊಟಕ್ಕೆ ಮುಂಚೆನಾ ಆಮೇಲಾ ಅಂತ ಕೇಳದೆ ಹೊಟ್ಟೆ ಕೊಯ್ಯುವ ಡಾಕ್ಟರ್ ಹತ್ತಿರ ಯಾರೂ ಹೋಗಲ್ಲ. ಗಾಡಿ ವಿಷಯದಲ್ಲಿ ಮಾತ್ರ ಧಾರಾಳವಾಗಿ ಹೋಗ್ತೀವಿ. ನಾನೂ ಹೋಗಿದ್ದೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, ಗಾಜಿನ ಗೋಡೆ, ಕಾಫಿ ಮಶೀನ್ ಎಲ್ಲ ಇರೋ ಕಡೆ, ಗಾಡಿ ಸ್ಟಾರ್ಟ್ ಕೂಡ ಮಾಡದೆ ನಲವತ್ತೆರಡು ಸಾವಿರದ ಎಸ್ಟಿಮೇಟ್ ಕೊಟ್ಟರು. "ಫುಲ್ ಗೇರ್‌ಬಾಕ್ಸ್ ಓಪನ್." ಅದೇ ಟೆಂಪೋದಲ್ಲಿ ಗಾಡಿಯನ್ನು ವಾಪಸ್ ಮೈಸೂರಿಗೆ ತಂದೆ.

ಗಾಡಿ ನಮ್ಮ ಚಿಕ್ಕಪ್ಪನದು. 1984ರ ಯೆಜ್ಡಿ ರೋಡ್‌ಕಿಂಗ್. ಆದರೆ ನೀವು ನೋಡಿರೋ ರೋಡ್‌ಕಿಂಗ್ ಥರ ಇಲ್ಲ. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ಮುಂದಿನ ಮಡ್‌ಗಾರ್ಡ್ ಟೈರಿಂದ ಒಂದು ಗೇಣು ಮೇಲಕ್ಕೆ, ಹ್ಯಾಂಡಲ್ ಎಮ್ಮೆ ಕೊಂಬಿನ ಹಾಗೆ ಅಗಲ, ಗುಬಟು ಗುಬಟು ಟೈರು. ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿಸೋ ಮೋಟೋಕ್ರಾಸ್ ರೇಸಿಗೆ ಅಂತ ಮೈಮೇಲಿನ ಭಾರವನ್ನೆಲ್ಲ ಕಳಚಿಟ್ಟ ಗಾಡಿ. ಆಗೆಲ್ಲ ಮೋಟೋಕ್ರಾಸ್ ಬೈಕ್ ಅಂತ ಶೋರೂಮಲ್ಲಿ ಸಿಗ್ತಿರಲಿಲ್ಲ. ಮನೇಲಿರೋದನ್ನೇ ಬಿಚ್ಚಿ ಮಾಡ್ಕೋಬೇಕಿತ್ತು.

ಬಿಚ್ಚಿಕೊಳ್ಳೋಕೆ ಯೆಜ್ಡಿ ಒಳ್ಳೆಯ ಆಯ್ಕೆಯೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಈ ಗಾಡಿಗಳ ಮೂಲ ಚೆಕೊಸ್ಲೊವಾಕಿಯಾದ ಜಾವಾ. ಅಲ್ಲಿ ಜಾವಾದ ಒಡಹುಟ್ಟಿನ ಹೆಸರು ಸಿಜೆಡ್. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಸಿಜೆಡ್ ಮೇಲೆ. ಚಿಕ್ಕಪ್ಪ ಇದನ್ನು ಈಗಲೂ ತಮ್ಮ ಸ್ವಂತ ದಾಯಾದಿ ಗೆದ್ದ ಹಾಗೆ ಹೇಳ್ತಾರೆ.

1988ರಲ್ಲಿ ಒಂದು ರೇಸಿನಲ್ಲಿ, ದಿಬ್ಬ ಹತ್ತುವಾಗ, ಫುಲ್ ಆಕ್ಸಿಲರೇಟರ್‌ನಲ್ಲಿ, ಎರಡನೇ ಗೇರ್ ಎಗರಿತು. ಇಂಜಿನ್ ಒಮ್ಮೆಲೇ ಕಿರುಚಿದ್ದು, ಹಿಂದಿನ ಚಕ್ರಕ್ಕೆ ಏನೂ ಹೋಗದೆ ಗಾಡಿ ಮೂಗು ಅಡಿ ಮಾಡಿಕೊಂಡು ಬಿದ್ದದ್ದು, ಚಿಕ್ಕಪ್ಪನ ಭುಜದ ಹತ್ತಿರದ ಕಾಲರ್ ಬೋನ್ ಮುರಿದದ್ದು ಎಲ್ಲ ನಮ್ಮ ಮನೆಯಲ್ಲಿ ಬಾಯಿಪಾಠ. ಅದರ ಹಿಂದಿನ ವಾರವಷ್ಟೇ ಮಂಡಿ ಮೊಹಲ್ಲಾದ ಭಾಯ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ್ದರು. "ಶಾಫ್ಟ್ ತುದಿಗೆ ಶಿಮ್ ಹಾಕೋದು ಮರೆತಿದಾನೆ ಕಣೇ ಅವನು" ಅಂತ ಚಿಕ್ಕಪ್ಪ ಆವತ್ತು ತೀರ್ಪು ಕೊಟ್ಟರು. ಶಿಮ್ ಅಂದರೆ ತೆಳ್ಳನೆ ವಾಷರ್. ಗೇರ್‌ಗಳು ಶಾಫ್ಟ್ ಮೇಲೆ ಅಕ್ಕಪಕ್ಕ ಜರುಗದ ಹಾಗೆ ಸಂದು ತುಂಬೋದು ಅದರ ಕೆಲಸ. ಇಬ್ಬರೂ ಒಂದೇ ತಟ್ಟೇಲಿ ತಿಂಡಿ ತಿಂದವರು. ಅವತ್ತಿಂದ ಮಾತಿಲ್ಲ. ಎರಡು ಕಿಲೋಮೀಟರ್ ದೂರದಲ್ಲಿ ಮೂವತ್ತೈದು ವರ್ಷಕ್ಕೂ ಮೇಲೆ ಮಾತಿಲ್ಲ. ಗಾಡಿ ಕಾರ್ ಶೆಡ್ಡಿನ ಮೂಲೆಗೆ ಹೋಯಿತು, ಅದರ ಮೇಲೆ ಚಿಕ್ಕಮ್ಮನ ತೆಂಗಿನಕಾಯಿ ಚೀಲ ಬಂತು.

ಹೋದ ದಸರಾಗೆ ಊರಿಗೆ ಹೋದಾಗ "ಓಡೋ ಹಾಗೆ ಮಾಡಿದ್ರೆ ನಿಂದೇ, ಇಟ್ಕೋ" ಅಂದರು. ಇಂಜಿನ್ ಎಬ್ಬಿಸೋದು ಕಷ್ಟ ಆಗಲಿಲ್ಲ. ಕಾರ್ಬ್ಯುರೇಟರ್, ಪಾಯಿಂಟ್, ಹೊಸ ಪ್ಲಗ್, ಅಷ್ಟೇ. ಎಬ್ಬಿಸಿದ ಮೇಲೆ ಶುರುವಾಯಿತು ನೋಡಿ.

ಮೊದಲ ದಿನವೇ ಒಂದು ಹಾಳೆ ತೆಗೆದು ಬರೆದೆ. ನೀವೂ ಬರೀರಿ, ಫೋನಿನ ನೋಟ್ಸಲ್ಲಾದರೂ ಸರಿ. ಗಾಡಿ ಏನು ಮಾಡ್ತಿದೆ ಅನ್ನೋದು ಮಾತ್ರ, ಯಾಕೆ ಅನ್ನೋದು ಬೇಡ. ನನ್ನ ಹಾಳೆಯಲ್ಲಿ ಮೂರು ಸಾಲು ಇತ್ತು. ಕಿಕ್ ಹೊಡೆದ ಮೇಲೆ ಕೆಲವು ಸಲ ಗೇರೇ ಬೀಳಲ್ಲ. ಬಿಸಿಯಾದ ಮೇಲೆ ನ್ಯೂಟ್ರಲ್ ಸಿಗಲ್ಲ. ಎರಡನೇ ಗೇರ್‌ನಲ್ಲಿ ಎಳೆದರೆ ಎಗರುತ್ತೆ. ಮೂರಕ್ಕೂ ಜನ ಹೇಳೋದು ಗೇರ್ ಪ್ರಾಬ್ಲಂ ಅಂತಲೇ. ಆದರೆ ಇವು ಮೂರು ಬೇರೆ ಬೇರೆ ಕಾಯಿಲೆ. ಮದ್ದೂ ಬೇರೆ, ಖರ್ಚೂ ಬೇರೆ.

ಮೊದಲನೆಯದು ಯೆಜ್ಡಿಯವರಿಗೆ ಗೊತ್ತಿರೋದೇ. ಇದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಅಂತಿಲ್ಲ. ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ತನ್ನ ಜಾಗಕ್ಕೆ ಬಂದು ಕೂತರೆ ಗೇರ್ ಲಿವರ್. ಹೊಸದಾಗಿ ಓಡಿಸೋರು ಕಿಕ್ಕರ್ ಎಲ್ಲಿ ಅಂತ ಗಾಡಿ ಸುತ್ತ ಪ್ರದಕ್ಷಿಣೆ ಹಾಕೋದು ಮೈಸೂರಿನ ಹಳೇ ಜೋಕು. ವಾಪಸ್ ತರೋ ಸ್ಪ್ರಿಂಗ್ ಸೋತಿದ್ದರೆ, ಅಥವಾ ವರ್ಷಗಟ್ಟಲೆ ಧೂಳು ಗ್ರೀಸು ಸೇರಿ ಅಂಟಾಗಿದ್ದರೆ, ಲಿವರ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತೆ. ಆಗ ಎಷ್ಟು ಒತ್ತಿದರೂ ಗೇರ್ ಬೀಳಲ್ಲ. ಗಾಡಿ ಕೆಟ್ಟಿಲ್ಲ, ಅದು ಇನ್ನೂ ಕಿಕ್ಕರ್ ಆಗಿಯೇ ಇದೆ ಅಷ್ಟೇ!

ನಮ್ಮದರಲ್ಲಿ ಇನ್ನೊಂದು ವಿಶೇಷ. ರೇಸ್ ಬೂಟು ದಪ್ಪ ಅಂತ ಚಿಕ್ಕಪ್ಪ ಲಿವರನ್ನು ಕಾಯಿಸಿ ಮೇಲಕ್ಕೆ ಬಗ್ಗಿಸಿದ್ದರು. ನಾನು ಸಾದಾ ಶೂ ಹಾಕ್ಕೊಂಡು ಒತ್ತಿದರೆ ಪಾದ ಪೂರ್ತಿ ಚಲಿಸೋದೇ ಇಲ್ಲ, ಗೇರ್ ಅರ್ಧಕ್ಕೆ ನಿಲ್ಲುತ್ತೆ. ಹಳೇ ಗಾಡಿಗಳಲ್ಲಿ ಲಿವರ್ ಒಳಗಿನ ಹಲ್ಲುಗಳು ಸವೆದು ಶಾಫ್ಟ್ ಮೇಲೆ ಜಾರೋದೂ ಉಂಟು. ಪರೀಕ್ಷೆ ಸುಲಭ: ಕೈಯಲ್ಲಿ ಲಿವರ್ ಅಲ್ಲಾಡಿಸಿ, ಕಣ್ಣು ಶಾಫ್ಟ್ ಮೇಲಿರಲಿ. ಲಿವರ್ ಅಲ್ಲಾಡಿ ಶಾಫ್ಟ್ ಸುಮ್ಮನಿದ್ದರೆ ನಿಮ್ಮ ನಲವತ್ತೆರಡು ಸಾವಿರ ಉಳಿಯಿತು. ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ರಿಂಗ್ ಬದಲಾಯಿಸಿ, ಲಿವರನ್ನು ಮೊದಲಿನ ಹಾಗೆ ಬಗ್ಗಿಸಿದೆ. ಮೊದಲ ಸಾಲು ಹೊಡೆದು ಹಾಕಿದೆ.

ಎರಡನೆಯದರಲ್ಲಿ ಬಹಳ ಜನ ಮೋಸ ಹೋಗ್ತಾರೆ. ಬಿಸಿಯಾದ ಮೇಲೆ ನ್ಯೂಟ್ರಲ್ ಸಿಗಲ್ಲ, ಕ್ಲಚ್ ಪೂರ್ತಿ ಹಿಡಿದು ಫಸ್ಟ್‌ನಲ್ಲಿ ನಿಂತರೂ ಗಾಡಿ ಮುಂದಕ್ಕೆ ತೆವಳುತ್ತೆ. ಈಗ ಇಂಜಿನ್ ಆಫ್ ಮಾಡಿ ನ್ಯೂಟ್ರಲ್ ಹಾಕಿ ನೋಡಿ. ಸಲೀಸಾಗಿ ಬಿತ್ತಾ? ಹಾಗಾದರೆ ಗೇರ್‌ಬಾಕ್ಸ್ ಮೇಲೆ ಅನುಮಾನ ಬೇಡ. ಕ್ಲಚ್ ಪೂರ್ತಿ ಬಿಡ್ತಾ ಇಲ್ಲ. ಹಿಡಿದ ಮೇಲೂ ಪ್ಲೇಟ್‌ಗಳು ಒಂದನ್ನೊಂದು ಉಜ್ಜಿಕೊಂಡು ತಿರುಗ್ತಿವೆ, ಇಂಜಿನ್ನಿನ ಶಕ್ತಿ ಬಾಕ್ಸಿಗೆ ಹೋಗ್ತಾನೇ ಇದೆ. ಆ ಭಾರದಲ್ಲಿ ಗೇರ್ ಜಾರಿ ಹೊರಗೆ ಬರಲ್ಲ. ಬಾಕ್ಸ್ ಬಿಚ್ಚಿ ಹೊಸ ಗೇರ್ ಹಾಕಿದರೂ ಇದು ಹೋಗಲ್ಲ.

ಇಲ್ಲಿ ಯೆಜ್ಡಿಗೆ ಒಂದು ಹೆಚ್ಚಿನ ಕಿರಿಕಿರಿ ಇದೆ. ಅದರದು ಅರೆ ಆಟೋಮ್ಯಾಟಿಕ್ ಕ್ಲಚ್. ಕಾಲಲ್ಲಿ ಗೇರ್ ಲಿವರ್ ಒತ್ತಿದಾಗ ಒಳಗಿನ ಒಂದು ಕ್ಯಾಮ್ ತಾನೇ ಕ್ಲಚ್ ಬಿಡಿಸುತ್ತೆ. ಕೈ ಕ್ಲಚ್ ಮುಟ್ಟದೆ ಗೇರ್ ಬದಲಾಯಿಸಬಹುದು. ಜಾಣ ಏರ್ಪಾಡು, ಆದರೆ ಅಡ್ಜಸ್ಟ್‌ಮೆಂಟ್ ಸರಿ ಇದ್ದರೆ ಮಾತ್ರ. ತಪ್ಪಿದರೆ ಕೈಯೂ ಪೂರ್ತಿ ಬಿಡಿಸಲ್ಲ, ಕಾಲೂ ಪೂರ್ತಿ ಬಿಡಿಸಲ್ಲ. ನಮ್ಮ ಕೇಬಲ್ ಎಳೆದು ಎಳೆದು ಉದ್ದವಾಗಿತ್ತು. ಕ್ಲಚ್ ಹಿಡಿ ಅರ್ಧ ದೂರ ಬಂದ ಮೇಲೆ ಕೆಲಸ ಶುರು. ಹೊಸ ಕೇಬಲ್ ಹಾಕಿ, ಹಿಡಿಯಲ್ಲಿ ಎರಡು ಮೂರು ಮಿಲಿಮೀಟರ್ ಮಾತ್ರ ಸಡಿಲ ಬಿಟ್ಟೆ. ಅರ್ಧ ವಾಸಿಯಾಯಿತು.

ಇನ್ನರ್ಧ ಎಣ್ಣೆಯಲ್ಲಿತ್ತು. ಟು ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೆ ಬೆರೆಸೋ ಎಣ್ಣೆ ಪಿಸ್ಟನ್ನಿಗೆ, ಗೇರ್‌ಬಾಕ್ಸಿನದು ಬೇರೆ. ಇದನ್ನು ಮರೆತು ವರ್ಷಗಟ್ಟಲೆ ಓಡಿಸೋರಿದಾರೆ. ಡ್ರೈನ್ ಬೋಲ್ಟ್ ಬಿಚ್ಚಿದರೆ ನಮ್ಮದರಿಂದ ಬಂದದ್ದು ಎಣ್ಣೆಯಲ್ಲ, ಬೈಟು ಕಾಫಿ. ಅದೇ ಬಣ್ಣ, ಮೇಲೆ ನೊರೆ ಬೇರೆ. ನೀರು ಸೇರಿದೆ ಅಂತ ಅರ್ಥ. ಕ್ಲಚ್ ಕವರ್ ಬಿಚ್ಚಿ ನೋಡಿದರೆ ಪ್ಲೇಟ್‌ಗಳು ಹಳೇ ಆಲ್ಬಮ್ಮಿನ ಫೋಟೋಗಳ ಹಾಗೆ ಒಂದಕ್ಕೊಂದು ಅಂಟಿದ್ದವು. ಸ್ಟೀಲ್ ಪ್ಲೇಟ್‌ಗಳನ್ನು ಒಂದೊಂದಾಗಿ ಗಾಜಿನ ಮೇಲೆ ಮಲಗಿಸಿ (ಚಿಕ್ಕಮ್ಮನ ಟೀಪಾಯಿ ಗಾಜು, ಅವರು ಈ ಅಂಕಣ ಓದಲ್ಲ ಅನ್ನೋ ಧೈರ್ಯ) ಅಂಚಿನಲ್ಲಿ ಬೆರಳಿಂದ ಒತ್ತಿದೆ. ಎರಡು ಪ್ಲೇಟ್ ಟಕ್ ಟಕ್ ಅಂದವು. ಸೊಟ್ಟಗಾಗಿವೆ. ಅವನ್ನೂ ಉಜ್ಜುವ ಪ್ಲೇಟ್‌ಗಳನ್ನೂ ಬದಲಾಯಿಸಿದೆ. ಪ್ಲೇಟ್‌ಗಳು ಕೂರೋ ಬುಟ್ಟಿಯ ಗೋಡೆಯಲ್ಲಿ ಕಚ್ಚು ಬಿದ್ದಿತ್ತು. ಪ್ಲೇಟ್ ಆ ಕಚ್ಚಿನಲ್ಲಿ ಸಿಕ್ಕಿಕೊಂಡರೂ ಕ್ಲಚ್ ಬಿಡಲ್ಲ. ಅರ ಹಿಡಿದು ನಿಧಾನಕ್ಕೆ ಉಜ್ಜಿ ನಯ ಮಾಡಿದೆ. ಉಜ್ಜುವಾಗ ಅತಿಯಾಸೆ ಬೇಡ, ಕಚ್ಚು ಆಳವಿದ್ದರೆ ಬುಟ್ಟಿಯನ್ನೇ ಬದಲಾಯಿಸಬೇಕು.

ಹೊಸ ಎಣ್ಣೆ ಹಾಕುವಾಗ ಒಂದು ಮಾತು. ಕಾರಿಗೆ ಅಂತ ಬರೋ ಈಗಿನ ತೆಳು ಎಣ್ಣೆಗಳಲ್ಲಿ ಘರ್ಷಣೆ ಕಡಿಮೆ ಮಾಡೋ ವಸ್ತು ಸೇರಿಸಿರ್ತಾರೆ. ಎಣ್ಣೆಯಲ್ಲೇ ಮುಳುಗಿರೋ ಬೈಕ್ ಕ್ಲಚ್ಚಿಗೆ ಅದು ಆಗಿಬರಲ್ಲ, ಜಾರುತ್ತೆ. ಗಾಡಿಯ ಮ್ಯಾನ್ಯುಯಲ್ ಹೇಳಿದ ದರ್ಜೆಯ ಎಣ್ಣೆಯನ್ನೇ, ಬೈಕಿಗೆ ಅಂತ ಇರೋದನ್ನೇ ತಗೊಳ್ಳಿ. ಇಷ್ಟಕ್ಕೆಲ್ಲ ನನಗೆ ನಾಲ್ಕು ಭಾನುವಾರ, ನಾಲ್ಕು ಸಾವಿರದ ಚಿಲ್ಲರೆ ಹಿಡಿಯಿತು. ಬಿಡಿಭಾಗ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದ್ದು. ಎರಡನೇ ಸಾಲೂ ಹೋಯಿತು.

ಉಳಿದದ್ದು ಮೂರನೆಯದು.

ಹೊಸ ಬಡಾವಣೆಯೊಂದರ ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ಎರಡನೇ ಗೇರ್‌ನಲ್ಲಿ ಮೆಲ್ಲಗೆ ಹೋದರೆ ಏನೂ ಇಲ್ಲ. ಏರಿನಲ್ಲಿ ಆಕ್ಸಿಲರೇಟರ್ ತಿರುವಿದ ತಕ್ಷಣ ಠಣ್! ಇಂಜಿನ್ ಕೂಗು, ಗಾಡಿ ಖಾಲಿ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಬೂಟಾಗಲಿ ಫುಟ್‌ರೆಸ್ಟ್ ಆಗಲಿ ಲಿವರ್‌ಗೆ ತಗಲ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಭಾರ ಬಿದ್ದಾಗ ಮಾತ್ರ, ಅದೂ ಒಂದೇ ಗೇರ್ ಎಗರೋದಾದರೆ ಕಾಯಿಲೆ ಒಳಗಿದೆ. ಇದಕ್ಕೆ ಮಾತ್ರ ಬಾಕ್ಸ್ ಬಿಚ್ಚಲೇಬೇಕು. ಎಣ್ಣೆ ಬದಲಾಯಿಸಿದರೆ ಹೋಗುತ್ತೆ, ಕೇಬಲ್ ಬಿಗಿ ಮಾಡಿದರೆ ಹೋಗುತ್ತೆ ಅನ್ನೋರ ಮಾತು ಕೇಳಬೇಡಿ. ಈ ಸ್ಥಿತಿಯಲ್ಲಿ ರೋಡಿಗೆ ತಗೊಂಡು ಹೋಗಲೂಬೇಡಿ.

ಯಾಕೆ ಎಗರುತ್ತೆ ಅಂತ ಸ್ವಲ್ಪ ಹೇಳ್ತೀನಿ. ಒಂದು ಗೇರ್ ಬಿತ್ತು ಅಂದರೆ ಏನು? ಗೇರಿನ ಪಕ್ಕದಲ್ಲಿ ಗಟ್ಟಿ ಮೊಳಕೆಗಳ ಹಾಗೆ ಕೆಲವು ಹಲ್ಲು ಇರುತ್ತವೆ, ಅವಕ್ಕೆ ಡಾಗ್ ಅಂತಾರೆ. ಫೋರ್ಕ್ ಅನ್ನೋ ಕವಲು ಒಂದು ಗೇರನ್ನು ಜರುಗಿಸಿ ಅದರ ಡಾಗ್‌ಗಳನ್ನು ಪಕ್ಕದ ಗೇರಿನ ಡಾಗ್‌ಗಳ ನಡುವೆ ಕೂರಿಸುತ್ತೆ. ಎರಡು ಕೈಯ ಬೆರಳು ಹೆಣೆದುಕೊಂಡ ಹಾಗೆ. ಡಾಗ್‌ಗಳ ಅಂಚು ಚೂಪಾಗಿದ್ದರೆ ಭಾರ ಬಿದ್ದಷ್ಟೂ ಹಿಡಿತ ಗಟ್ಟಿ. ಅಂಚು ಸವೆದು ದುಂಡಗಾದರೆ ಭಾರ ಬಿದ್ದಷ್ಟೂ ಒಂದನ್ನೊಂದು ಹೊರಕ್ಕೆ ತಳ್ಳುತ್ತವೆ. ತಳ್ಳಿದ್ದನ್ನು ತಡೆಯೋಕೆ ಫೋರ್ಕ್ ಒಂದೇ ಒದ್ದಾಡುತ್ತೆ, ಉಜ್ಜಿ ಉಜ್ಜಿ ಸುಟ್ಟು ನೀಲಿಯಾಗುತ್ತೆ, ಬಗ್ಗುತ್ತೆ. ಶಿಮ್ ಇಲ್ಲದೆ ಶಾಫ್ಟ್ ಮೇಲೆ ಆಟ ಜಾಸ್ತಿಯಾದರೂ ಡಾಗ್ ಪೂರ್ತಿ ಕೂರದೆ ಇದೇ ಗತಿ. ಅಂದರೆ ಚಿಕ್ಕಪ್ಪನ ವಾದದಲ್ಲಿ ಹುರುಳಿತ್ತು. ಬಾಕ್ಸನ್ನು ಅಪಘಾತದ ನಂತರ ಯಾರೂ ಬಿಚ್ಚಿರಲಿಲ್ಲ. ಸಾಕ್ಷಿ ಒಳಗೇ ಇತ್ತು.

ಬಿಚ್ಚೋಕೆ ನನ್ನ ಜೊತೆ ಕೂತವರು ಪಕ್ಕದ ಬೀದಿಯ ಹಿರಿಯರು, ಐಡಿಯಲ್ ಜಾವಾದಲ್ಲಿ ಕೆಲಸ ಮಾಡಿದವರು. ಎಂಬತ್ತರ ಹತ್ತಿರ ವಯಸ್ಸು. ಪಾನಾ ಮುಟ್ಟಲಿಲ್ಲ, ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಹೇಳ್ತಾ ಹೋದರು. "ಬೋಲ್ಟ್ ಬಿಚ್ಚಿದ ಕ್ರಮದಲ್ಲೇ ರಟ್ಟಿಗೆ ಚುಚ್ಚಿಡಮ್ಮ. ಎಲ್ಲ ಒಂದೇ ಉದ್ದ ಇರಲ್ಲ." "ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡ, ಕೇಸು ಗಾಯ ಆದ್ರೆ ಜನ್ಮದಲ್ಲಿ ಎಣ್ಣೆ ನಿಲ್ಲಲ್ಲ. ಮರದ ಸುತ್ತಿಗೇಲಿ ಸುತ್ತಲೂ ತಟ್ಟು, ತಾನೇ ಬಿಡುತ್ತೆ." ಚಿಕ್ಕಪ್ಪ ಪೇಪರ್ ಓದೋ ಹಾಗೆ ಮಾಡಿಕೊಂಡು ಜಗುಲಿಯಲ್ಲಿ ಕೂತಿದ್ದರು. ಬಹಳ ಹೊತ್ತು ಪುಟ ತಿರುಗಿಸಲಿಲ್ಲ.

ಕೇಸು ಎರಡು ಹೋಳಾಯಿತು. ಶಾಫ್ಟ್ ತುದಿಯಲ್ಲಿ ಮೊದಲು ಬೆರಳಿಗೆ ಸಿಕ್ಕಿದ್ದೇ ಶಿಮ್. ಎಣ್ಣೆಯಲ್ಲಿ ತೊಳೆದ ಹಾಗೆ ಮಿರಮಿರ ಮಿಂಚ್ತಿತ್ತು. ಇರಬೇಕಾದ ಜಾಗದಲ್ಲೇ ಇತ್ತು.

ಹಿರಿಯರು ಗೇರ್ ಕೈಗೆ ತಗೊಂಡು ಕನ್ನಡಕ ಮೇಲೆತ್ತಿ ನೋಡಿದರು. ಎರಡನೇ ಗೇರಿನ ಡಾಗ್‌ಗಳ ಅಂಚು ಸವೆದ ಸಾಬೂನಿನ ಥರ ದುಂಡಗಾಗಿತ್ತು. ಉಳಿದ ಗೇರ್‌ಗಳವು ಅಷ್ಟಿರಲಿಲ್ಲ. ಆ ಫೋರ್ಕಿನ ಒಂದು ಮುಖ ಮಾತ್ರ ನೀಲಿಗಟ್ಟಿತ್ತು.

"ಇದು ಒಂದು ವಾರದ ಕೆಲಸ ಅಲ್ಲಮ್ಮ," ಅಂದರು. "ಇದು ವರ್ಷಗಟ್ಟಲೆ ಹೊಡೆದಿರೋದು. ಆಕ್ಸಿಲರೇಟರ್ ಬಿಡದೆ, ಕ್ಲಚ್ ಹಿಡೀದೆ, ಒಂದರಿಂದ ಎರಡಕ್ಕೆ ಒದ್ದಿದಾರೆ. ಆಟೋಮ್ಯಾಟಿಕ್ ಅಂತ ಬರೆದಿದೀವಿ ನಿಜ, ಮಣ್ಣಲ್ಲಿ ಹಿಂಗೆ ಒದೀರಿ ಅಂತ ಬರೆದಿಲ್ಲ."

ಪೇಪರ್ ಮಡಚಿದ ಸದ್ದು ಕೇಳಿಸಿತು. ಚಿಕ್ಕಪ್ಪ ಎದ್ದು ಬಂದರು. ಗೇರ್ ತಗೊಂಡು ಹೆಬ್ಬೆರಳಿಂದ ಅಂಚು ಸವರಿದರು. ಆಮೇಲೆ ಶಿಮ್ ತಗೊಂಡು ಅಂಗೈಯಲ್ಲಿಟ್ಟುಕೊಂಡರು. ಅದರ ತೂಕವೇನು, ಒಂದು ಬಟನ್ನಿನಷ್ಟೂ ಇಲ್ಲ.

"ಭಾಯ್ ಹೇಳ್ತಿದ್ದ," ಅಂದರು ಕೊನೆಗೆ. "ಕೈಲಿ ಕ್ಲಚ್ ಹಿಡಿಯೋ ಮಾರಾಯ, ಗೇರ್ ಮುಖ ಹೋಗಿದೆ, ಹೊಸದು ಹಾಕಿಸು ಅಂತ. ರೇಸ್ ಮುಗೀಲಿ ಅಂದಿದ್ದೆ."

ಇದು ನಮ್ಮ ಮನೆಯ ಬಾಯಿಪಾಠದಲ್ಲಿ ಇರಲಿಲ್ಲ. ನಾನು ಕೇಳಲೂ ಇಲ್ಲ.

ಸಂಜೆ "ಪುಟ್ಟಿ, ಗಾಡಿ ತೆಗಿ" ಅಂದರು. ಅಂದರೆ ನನ್ನ ಸ್ಕೂಟರ್. ಹಿಂದೆ ಕೂತು ದಾರಿ ಹೇಳಿದರು. ಮಂಡಿ ಮೊಹಲ್ಲಾದ ಅಂಗಡಿ ಈಗ ಭಾಯ್ ಮಗ ನೋಡ್ಕೋತಾರೆ, ಹೊರಗೆಲ್ಲ ಎಲೆಕ್ಟ್ರಿಕ್ ಸ್ಕೂಟರ್‌ಗಳು. ಭಾಯ್ ಒಳಗೆ ಸ್ಟೂಲಿನ ಮೇಲೆ ಕೂತು ಟೀ ಕುಡೀತಿದ್ದರು. ಚಿಕ್ಕಪ್ಪ ನಮಸ್ಕಾರವನ್ನೂ ಹೇಳದೆ ಕರ್ಚೀಫ್ ಬಿಚ್ಚಿ ಗೇರು, ಫೋರ್ಕು, ಶಿಮ್ಮು ಮೂರನ್ನೂ ಬೆಂಚಿನ ಮೇಲಿಟ್ಟರು. ಭಾಯ್ ಗೇರ್ ಕಡೆ ನೋಡಲೇ ಇಲ್ಲ. ಶಿಮ್ ಎತ್ತಿ ಬೆಳಕಿಗೆ ಹಿಡಿದರು.

"ನಾನು ಎರಡು ಹಾಕಿದ್ದೆ. ಆಚೆ ತುದೀದು ಎಲ್ಲಿ?"

ಚಿಕ್ಕಪ್ಪ ನನ್ನ ಮುಖ ನೋಡಿದರು. ಅದು ಮನೇಲಿ ರಟ್ಟಿನ ಮೇಲೆ, ಆಚೆ ಕಡೆಯ ಬೋಲ್ಟ್‌ಗಳ ಜೊತೆ ಇತ್ತು.

"ಇದೆ ಭಾಯ್," ಅಂದೆ. "ಎರಡೂ ಇದೆ."

"ಹಂ," ಅಂದು ಮಗನನ್ನು ಕೂಗಿ ಇನ್ನೆರಡು ಟೀ ತರಿಸಿದರು. ಆಮೇಲೆ ಒಂದು ಗಂಟೆ ಇಬ್ಬರೂ ಮಾತಾಡಿದ್ದು ಬರೀ ಗೇರ್ ಬಗ್ಗೆ. ಹಳೇ ಸ್ಟಾಕಿನ ಎರಡನೇ ಗೇರ್ ಜೋಡಿ ಯಾರ ಹತ್ತಿರ ಸಿಗಬಹುದು, ಫೋರ್ಕ್ ನೆಟ್ಟಗೆ ಮಾಡಿದರೆ ನಡೆಯುತ್ತಾ. ನಡೆಯಲ್ಲ ಅಂತ ಭಾಯ್, ನಡೆಯುತ್ತೆ ಅಂತ ಚಿಕ್ಕಪ್ಪ. ನಿಮಗೆ ಹೇಳೋದಾದರೆ ಭಾಯ್ ಹೇಳಿದ್ದೇ ಸರಿ: ನೀಲಿಗಟ್ಟಿದ ಫೋರ್ಕಿನ ಗಟ್ಟಿತನ ಹೋಗಿರುತ್ತೆ, ನೆಟ್ಟಗೆ ಮಾಡಿದರೂ ಮತ್ತೆ ಬಗ್ಗುತ್ತೆ. ಗೇರನ್ನೂ ಒಂದೇ ತಗೋಬೇಡಿ. ಎದುರುಬದುರು ಕೂರೋ ಎರಡೂ ಡಾಗ್ ಮುಖಗಳು ಚೆನ್ನಾಗಿರಬೇಕು, ಹೊಸದರ ಜೊತೆ ಸವೆದದ್ದು ಹಾಕಿದರೆ ಹೊಸದನ್ನೂ ತಿಂದುಹಾಕುತ್ತೆ.

ಬಾಕ್ಸ್ ಇನ್ನೂ ಜೋಡಿಸಿಲ್ಲ. ಗೇರ್ ಸಿಕ್ಕಿದೆ, ಫೋರ್ಕಿಗೆ ಹುಡುಕ್ತಾ ಇದೀವಿ. ಶಾಫ್ಟ್ ಆಟ ಅಳೆದು ಶಿಮ್ ದಪ್ಪ ಆರಿಸೋದನ್ನು ಭಾಯ್ ತಾವೇ ಬಂದು ತೋರಿಸ್ತೀನಿ ಅಂದಿದ್ದಾರೆ. ಒಂದು ಷರತ್ತು ಹಾಕಿದ್ದಾರೆ, ಗಾಡಿ ರೆಡಿಯಾದ ಮೇಲೆ ಮೊದಲು ಓಡಿಸೋದು ನಾನಂತೆ, ಚಿಕ್ಕಪ್ಪ ಅಲ್ಲವಂತೆ.